ಭಾವನ ಹೊಸ ಮೋಟಾರು

ದೋಣಿಗೆ ಹೊಸ ಮೋಟಾರು ಹಾಕಿಸಿದಾಗಿನಿಂದ ನಮ್ಮ ಭಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಿನಾ ಅದರ ಮುಚ್ಚಳವನ್ನು ಮುಖ ಕಾಣುವ ಹಾಗೆ ಒರೆಸಿ, ಅದರಲ್ಲೇ ಮೀಸೆ ತಿದ್ದಿಕೊಳ್ಳುತ್ತಿದ್ದ.

"ಉಪ್ಪುನೀರಲ್ಲಿ ಓಡಿಸಿದ್ಮೇಲೆ ಒಳಗೆ ಸಿಹಿನೀರು ಹಾಯಿಸಿ ತೊಳೀರಿ," ಅಂತ ಮೆಕ್ಯಾನಿಕ್ ಹೇಳಿದರೆ, "ಹೊಸದಕ್ಕೆ ಎಂಥ ಸ್ನಾನವಯ್ಯಾ?" ಎಂದು ನಕ್ಕ. ಅಕ್ಕ ತಾನೇ ಪೈಪು ಎಳೆದುಕೊಂಡು ಹೋದಾಗ, "ಇದು ಹೆಂಗಸರು ಮುಟ್ಟೋ ವಸ್ತು ಅಲ್ಲ," ಎಂದು ಗದರಿದ.

ಆರನೇ ತಿಂಗಳು ಒಳಗೆಲ್ಲ ಉಪ್ಪು ಕಟ್ಟಿ, ಮೋಟಾರು ಕಾದು, ನಡುನೀರಲ್ಲಿ ನಿಂತಿತು. ಹುಟ್ಟನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ ಮಹಾನುಭಾವನನ್ನು ಅಕ್ಕ ಪಕ್ಕದ ಮನೆಯವರ ದೋಣಿಯಲ್ಲಿ ಹೋಗಿ ಎಳೆದು ತಂದಳು.

"ಮಾಲೇ ಸರಿಯಿಲ್ಲ ಕಣ್ರೀ," ಎಂದ ದಡದಲ್ಲಿದ್ದವರಿಗೆ.

ರಿಪೇರಿಯಾದ ಮೋಟಾರಿನ ಚಾವಿಯನ್ನು ಅಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ದೋಣಿ ನಡೆಸುವವಳೂ ಅವಳೇ, ಮೋಟಾರು ತೊಳೆಯುವವಳೂ ಅವಳೇ. ಭಾವ ಮುಂದೆ ಕೂತು, ಯಾರೂ ಕೇಳದಿದ್ದರೂ, ದಾರಿ ತೋರಿಸುತ್ತಾನೆ.