ಗಿರಿಜಳ ಬೆರಳ ತುದಿ

ನಿಮ್ಮ ಅಮ್ಮ ಗಿರಿಜಾ ಸೋಮಾರಿಯಲ್ಲ — ಅವಳು ಎಂಟು ವರ್ಷದವಳಿದ್ದಾಗಲೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಊರಿಗೆಲ್ಲ ಸೋಮಾರಿ ಎಂದೇ ಹೇಳಿಕೊಂಡು ಬಂದೆ. ಸ್ನೇಹಾ, ವಿನಯ, ಅವಳ ಹರಿದ ರೊಟ್ಟಿಯ ಕತೆ ಹೇಳಿ ನಿಮ್ಮನ್ನೂ ನಗಿಸಿದ್ದೇನೆ.

ಬಿಸಿ ತಾಗಿದರೆ ಗಿರಿಜಾ ಕೈ ಸೆಳೆದುಕೊಳ್ಳುತ್ತಿದ್ದಳು. ಆದರೆ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿ ಮುಟ್ಟಿಸಿದರೂ ಗೋಣಿ ಮುಟ್ಟಿಸಿದರೂ ಅವಳಿಗೆ ಎರಡೂ ಒಂದೇ. ಹಿಟ್ಟು ಎಲ್ಲಿ ತೆಳುವಾಯಿತೆಂದು ತಿಳಿಯದೆ ರೊಟ್ಟಿ ಹರಿಯುತ್ತಿತ್ತು. ತಾಲೂಕಿನ ಡಾಕ್ಟರು ನೋಡಿ, ಇದು ರೋಗವಲ್ಲ, ಹುಟ್ಟಿನಿಂದ ಬಂದದ್ದು ಎಂದರು. ನಾನು ನಂಬಿದೆ, ಊರು ನಂಬೀತೆಂಬ ಧೈರ್ಯ ಬರಲಿಲ್ಲ. ಬೆರಳಿಗೆ ಸ್ಪರ್ಶವಿಲ್ಲ ಅಂದರೆ ಆಗ ನಮ್ಮಲ್ಲಿ ಕುಷ್ಠವೆಂದೇ ಹೆದರುತ್ತಿದ್ದರು. ಬಾವಿಯ ಹತ್ತಿರವೂ ಬಿಡುತ್ತಿರಲಿಲ್ಲ, ಲಗ್ನವಂತೂ ದೂರದ ಮಾತು.

ಒಂದು ದಿನ ನೆರೆಮನೆಯ ಶಾಂತಕ್ಕ ರೊಟ್ಟಿ ಎತ್ತಿ ಹಿಡಿದು, "ಏನವಾ, ನಿನ್ನ ಮಗಳು ರೊಟ್ಟಿ ಬಡದಾಳೋ, ಜರಡಿ ಮಾಡ್ಯಾಳೋ?" ಎಂದಳು.

"ಭಾಳ ಸೋಮಾರಿ ಆಗ್ಯಾಳ್ರಿ ಅಕ್ಕಾ, ಕೆಲಸದಾಗ ಲಕ್ಷ್ಯಾನ ಇಲ್ಲ" ಎಂದುಬಿಟ್ಟೆ.

ಮಗು ಅಲ್ಲೇ ನಿಂತಿತ್ತು. ಅವಳಿಗೂ ನಿಜ ಹೇಳಲಿಲ್ಲ — ಮಕ್ಕಳ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು. ಲಗ್ನವಾದ ಮೇಲಾದರೂ ಹೇಳಬಹುದಿತ್ತು...

ಈಗ ಮಣಿಕೊಂಡದಲ್ಲಿ ಗಿರಿಜಳ ಈ ಮನೆಯಲ್ಲಿ ನಿಮ್ಮೊಂದಿಗೆ ಸುಖವಾಗಿದ್ದೇನೆ. ಕಳೆದ ಭಾನುವಾರ ನಾನು ಹುಣಸೆಹಣ್ಣು ಬಿಡಿಸುತ್ತಿದ್ದಾಗ ಸ್ನೇಹಾ ತನ್ನ ಪ್ರಯೋಗಾಲಯದ ಕೆಲಸ ತಿಳಿಸಿ ಹೇಳಿದಳು. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಚರ್ಮವು ಬೆಳವಣಿಗೆಯ ಸಂದೇಶ ಕಳಿಸುತ್ತದಂತೆ. ನರದ ಮೇಲಿನ ಗ್ರಾಹಕಗಳು ಅದನ್ನು ಹಿಡಿದರೇ ಸ್ಪರ್ಶ ಅರಿಯುವ ನರತುದಿಗಳು ಸರಿಯಾಗಿ ರೂಪುಗೊಳ್ಳುತ್ತವಂತೆ. "ಬಿಸಿ, ನೋವು ತಿಳಿಸೋ ನರ ಬ್ಯಾರೆ ಅಜ್ಜಿ" ಎಂದಳು.

ನಿಮ್ಮ ಅಮ್ಮನಿಗೆ ಆದದ್ದು ಅದೇ ಹೌದೋ ಅಲ್ಲವೋ, ನಾನು ಹೇಳಲಾರೆ. ಆದರೆ ಇನ್ನು ಮುಚ್ಚಿಡಬಾರದೆನಿಸಿ, ಹಣ್ಣು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ. ಡಾಕ್ಟರ ಮಾತು, ನನ್ನ ಸುಳ್ಳು, ಎಲ್ಲ ಗಿರಿಜಳಿಗೆ ಹೇಳಿದೆ. ಅವಳು ಒಲೆ ಆರಿಸಿ ತನ್ನ ಕೈ ನೋಡಿಕೊಂಡಳು.

"ಹಂಗಾದ್ರ ನಾ ಸೋಮಾರಿ ಅಲ್ಲೇನಬೇ?"

ತಲೆ ನರೆತ ಹೆಂಗಸು — ಮಗುವಿನ ದನಿಯಲ್ಲಿ ಕೇಳಿದಳು.

"ಅಲ್ಲವ್ವಾ" ಎಂದೆ.

ನಿಮ್ಮೆದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆದೆ. ಇನ್ನು ಯಾರಾದರೂ ಅವಳನ್ನು ಸೋಮಾರಿ ಎಂದು ನಕ್ಕರೆ, ಆ ಮಾತು ಹುಟ್ಟಿಸಿದವಳು ನಮ್ಮಜ್ಜಿ ಎಂದು ಹೇಳಿಬಿಡಿ. ನಾನು ಅಲ್ಲೇ ಕೂತಿದ್ದರೂ ಹೇಳಿ.