ಕುರ್ಚಿ ಬದಲಿಸಿ ಕೂರಿಸಿದವರು

ಕೆಲಸ ಕೊಡಿಸುವವರು ಊರಿಗೆ ಹಲವರು. ಕೆಲಸ ಕೇಳುವುದು ಹೇಗೆಂದು ಕಲಿಸುವವರು ವಿರಳ. ಆ ವಿರಳರ ಸಾಲಿನಲ್ಲಿ ಮುಂದೆ ನಿಲ್ಲುವವರು, ನಮ್ಮ ಕಾಲೇಜಿನ ಉದ್ಯೋಗ ಮಾರ್ಗದರ್ಶನ ವಿಭಾಗವನ್ನು ಮೂರು ದಶಕ ನಡೆಸಿ ಈಗ ನಿವೃತ್ತರಾಗುತ್ತಿರುವ ‘ಕತ್ತರಿ ಮೇಡಂ’. ಉದ್ದುದ್ದ ಸ್ವವಿವರಗಳನ್ನು ಅವರು ಕತ್ತರಿಸುತ್ತಿದ್ದ ರೀತಿಗೆ ವಿದ್ಯಾರ್ಥಿಗಳು ಇಟ್ಟ ಈ ಅಡ್ಡಹೆಸರನ್ನು ಅವರು ಬಿರುದೆಂದೇ ಸ್ವೀಕರಿಸಿದರು.

ಸೇವೆಯ ಆರಂಭದಲ್ಲಿ ಅವರಿಗೆ ದೊರೆತದ್ದು ಮೆಟ್ಟಿಲ ಕೆಳಗಿನ ಕೋಣೆ, ಒಂದು ಮೇಜು, ಕೈಯಿರುವ ಒಂದು ಕುರ್ಚಿ, ಕೈಯಿಲ್ಲದ ಇನ್ನೊಂದು. ಯಾರೇ ಸ್ವವಿವರ ಹಿಡಿದು ಬರಲಿ, ಮೊದಲ ಪ್ರಶ್ನೆ “ಜಾಹೀರಾತು ಎಲ್ಲಿ?” ಎಂದೇ. ಆಮೇಲೆ ಬಂದವರನ್ನು ತಮ್ಮ ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ತಾವು ಕೈಯಿಲ್ಲದ ಕುರ್ಚಿಗೆ ಬಂದು, “ಈಗ ಕೆಲಸ ಕೊಡೋದು ನೀನು. ಇದನ್ನ ಓದಿ ನೋಡು, ಇಂಟರ್‌ವ್ಯೂಗೆ ಕರೀತೀಯಾ?” ಎನ್ನುವರು. ತಮ್ಮ ಹೊಗಳಿಕೆಯನ್ನು ತಾವೇ ಓದಿ ಅಲ್ಲಿ ಬೆವರದವರಿಲ್ಲ.

ಗಂಡನ ಕೆಲಸ ಹೋಗಿ ಸಂಸಾರ ತಲೆಯ ಮೇಲೆ ಬಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬರೂ ಹಾಗೆ ಬೆವರಿದ್ದರು. ಒಂದೇ ಸ್ವವಿವರವನ್ನು ಕಂಡಕಂಡಲ್ಲಿಗೆ ಕಳಿಸಿ ಸೋತಿದ್ದ ಅವರಿಗೆ ಉಳಿದಿದ್ದ ಆಸೆ, ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನ ಕೆಲಸ.

“ಇಲ್ಲ ಮೇಡಂ, ಕರೆಯಲ್ಲ. ಸ್ಕೂಲಲ್ಲಿ ಓಟ ಗೆದ್ದೋಳು ಆಸ್ಪತ್ರೆಗ್ಯಾಕೆ?”

“ಮತ್ತೆ ಎಂಥೋರು ಬೇಕಂತೆ?”

“ಗಾಬರಿಯಾಗಿ ಬಂದೋರ ಹತ್ರ ತಾಳ್ಮೆಯಿಂದ ಮಾತಾಡೋರು.”

“ಇಷ್ಟು ವರ್ಷ ಮನೇಲಿ ಏನ್ಮಾಡಿದೆ?”

“ಏನೂ ಇಲ್ಲ ಮೇಡಂ. ಮಾವನಿಗೆ ಲಕ್ವ ಹೊಡೆದಿತ್ತು. ಅವರನ್ನ ಕರ್ಕೊಂಡು ಆಸ್ಪತ್ರೆ ಆಸ್ಪತ್ರೆ ಅಲೆದೆ.”

ಮೇಡಂ ಪೆನ್ನು ಕೆಳಗಿಟ್ಟರು. “ಅದನ್ನ ಏನೂ ಇಲ್ಲ ಅಂತೀಯಲ್ಲೇ! ಸುಳ್ಳು ಒಂದಕ್ಷರ ಬೇಡ, ಆದರೆ ನಿಜ ಯಾಕೆ ಮುಚ್ಚಿಡ್ತೀಯಾ? ಅದನ್ನೇ ಮೊದಲು ಬರಿ.”

ಓಟದ ಬಹುಮಾನ ಕತ್ತರಿಗೆ ಸಿಕ್ಕಿತು. ಮಾವನ ಆರೈಕೆಯ ವರ್ಷಗಳು ಹಾಳೆಯ ಮೇಲ್ಭಾಗಕ್ಕೆ ಬಂದವು. ಕೆಲಸ ಸಿಕ್ಕಿತು. ಕೌಂಟರಿನಿಂದ ಮೇಲೇರಿದ ಆಕೆ ಮುಂದೆ ಅದೇ ಆಸ್ಪತ್ರೆಯ ನೇಮಕಾತಿ ವಿಭಾಗವನ್ನೇ ನೋಡಿಕೊಂಡರು.

ಈ ವರ್ಷ ಮೇಡಂ ಅವರ ಹುದ್ದೆಗೇ ಜಾಹೀರಾತು ಬಂದಾಗ, ಆಕೆ ಸ್ವವಿವರ ಹಿಡಿದು ಓಡಿಬಂದರು. ಮೇಡಂ ಮುಟ್ಟಲೂ ಇಲ್ಲ. “ನಾನು ತಿದ್ದಿದರೆ ಅದು ನನ್ನದಾಗತ್ತೆ. ಹೋಗು” ಎಂದರು. ಆಕೆ ಮುಖ ಸಪ್ಪಗೆ ಮಾಡಿಕೊಂಡು ಹೋದರು, ತಾವೇ ತಿದ್ದಿದರು, ಆಯ್ಕೆಯಾದರು. ಸುದ್ದಿ ತಿಳಿದ ದಿನ ಮೇಡಂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡವರಿಗೆಲ್ಲ ಹೇಳಿದರು, ಹೇಳಿದವರಿಗೇ ಮತ್ತೆ ಹೇಳಿದರು. ಶಿಷ್ಯೆಯ ಗೆಲುವಿಗೆ ಇಷ್ಟು ಹಿಗ್ಗಿದ ಗುರುವನ್ನು ಪಡೆದ ಹೆಮ್ಮೆ ನಮ್ಮೆಲ್ಲರದು.

ಅವರಿಗೆ ತುಂಬು ಆಯುಸ್ಸನ್ನೂ ಆರೋಗ್ಯವನ್ನೂ ಮನಸಾರೆ ಹಾರೈಸುತ್ತೇವೆ. ವಿಶ್ರಾಂತಿಯನ್ನು ಮಾತ್ರ ಹಾರೈಸುವ ಧೈರ್ಯವಿಲ್ಲ. ಏಕೆಂದರೆ ಅಧಿಕಾರ ಒಪ್ಪಿಸಿದ ಸಂಜೆ ಅವರು ಶಿಷ್ಯೆಯನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ತಾವು ಎದುರು ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: “ನನಗೂ ಒಂದು ಕೆಲಸ ಕೊಡಿಸ್ತೀರಾ ಮೇಡಂ?”

ಶಿಷ್ಯೆ ಬೆನ್ನು ನೆಟ್ಟಗೆ ಮಾಡಿ, ಕೈ ಚಾಚಿದರು.

“ಜಾಹೀರಾತು ಎಲ್ಲಿ?”