ಮಾವಶಿ ಹೆಸರಿಟ್ಟ ಜಡೆಗಿಡ

ಗಡಿಯಾಚೆಯ ಮಿರಜದಲ್ಲಿ ನಮ್ಮ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿದೆ. ಮುಂದಿನ ಕೋಣೆಯನ್ನು ರೋಗಿಗಳ ಕಡೆಯವರಿಗೆ ಬಾಡಿಗೆಗೆ ಕೊಡುತ್ತೇವೆ. ಬರುವವರಲ್ಲಿ ಹೆಚ್ಚಿನವರು ಕರ್ನಾಟಕದವರು. ಬಾಗಿಲಲ್ಲಿ ನಾನು "ಬರ್ರಿ, ಕುಂದ್ರಿ" ಎಂದರೆ ಸಾಕು, ಅರ್ಧ ದಣಿವು ಇಳಿದವರಂತೆ ಚಪ್ಪಲಿ ಕಳಚುತ್ತಾರೆ.

ಆ ಕೋಣೆಯ ಮುಂದೆ, ಪಡಸಾಲೆಯ ತೊಲೆಗೆ ಒಂದು ಗಿಡ ತೂಗುಹಾಕಿದ್ದೇನೆ. ಕೊಟ್ಟ ನರ್ಸರಿಯವನು ಅದನ್ನು ಡಾಂಕಿ ಟೇಲ್, ಅಂದರೆ ಕತ್ತೆಬಾಲ, ಅಂದಿದ್ದ. ನೀರು ತುಂಬಿದ ಪುಟ್ಟ ಪುಟ್ಟ ದಪ್ಪ ಎಲೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದು ಹಗ್ಗದ ಹಾಗೆ ಕೆಳಗಿಳಿಯುತ್ತವೆ. ನನ್ನ ಗಂಡ ಸಿತಾರ ಮಾಡುವಲ್ಲಿ ಕೆಲಸಕ್ಕಿದ್ದಾರೆ. ಬಿರುಕು ಬಿಟ್ಟು ವಾದ್ಯಕ್ಕೆ ಬಾರದ ಒಂದು ಸೋರೆಬುರುಡೆಯನ್ನು ಅವರು ಮನೆಗೆ ತಂದು, ತಳದಲ್ಲಿ ತೂತು ಕೊರೆದು ಕೊಟ್ಟರು. ಅದೇ ಈ ಗಿಡದ ಕುಂಡ.

ಹೋದ ವರ್ಷ ಬೇಸಿಗೆಗೆ ಮುಂಚೆ ರಾಯಬಾಗದ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು. ಬಾವಿಯ ಮೆಟ್ಟಿಲಲ್ಲಿ ಜಾರಿ ಅವರ ಗಂಡನ ತೊಡೆಯ ಎಲುಬು ಮುರಿದಿತ್ತು, ಆಪರೇಷನ್ ಆಗಿ ಅವರು ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ತಲೆಯ ಮೇಲೆ ಗಂಟು ಹೊತ್ತುಕೊಂಡೇ ಒಳಗೆ ಬಂದ ಆ ಹೆಂಗಸು ನೇರ ಗಿಡಕ್ಕೆ ಹಾಯ್ದರು. ಎಲೆಗಳು ಜೋಳದ ಕಾಳಿನ ಹಾಗೆ ನೆಲದ ತುಂಬ ಚೆಲ್ಲಿದವು.

"ಅಯ್ಯ ಯವ್ವಾ! ಬಂದ ಕೂಡ್ಲೆ ನಿನ್ನ ಗಿಡಾ ಹಾಳ ಮಾಡಿದ್ನಲ್ಲ!"

"ಇರ್ಲಿ ಬಿಡ್ರಿ ಮಾವಶಿ," ಅಂದೆ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. "ಅದು ಮುಟ್ಟಿದ್ರ ಉದುರ್ತೈತಿ. ಉದುರಿದ ಎಲಿ ಒಂದೊಂದೂ ಗಿಡ ಆಗ್ತಾವು."

ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು ಅಂತ ಕಾಣುತ್ತದೆ, ನಂಬಲಿಲ್ಲ. ಆದರೂ ಸಂಜೆ ಆಸ್ಪತ್ರೆಯಿಂದ ಬಂದವರೇ ಬಗ್ಗಿ ಬಗ್ಗಿ ಎಲೆಗಳನ್ನೆಲ್ಲ ಸೆರಗಿಗೆ ಆರಿಸಿಕೊಂಡರು. ಮುರಿದ ತುದಿ ಒಣಗಲೆಂದು ನೆರಳಲ್ಲಿ ಹರವಿಟ್ಟೆವು. ಆಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಉಸುಕು ಬೆರೆಸಿದ ಮಣ್ಣು ತುಂಬಿ, ಎಲೆಗಳನ್ನು ಮೇಲೆ ಸುಮ್ಮನೆ ಮಲಗಿಸಿದೆವು.

"ನೀರ ಹಾಕ್ಲೇನು?"

"ಈಗ ಬ್ಯಾಡ್ರಿ. ಕೊಳಿತಾವು."

ಮರುದಿನ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ. "ಹುಟ್ಟಿದಾಗಿಂದ ಕಬ್ಬಿಗೆ ನೀರ ಬಿಟ್ಟಾಕಿ ನಾ," ಎಂದು ನಗುತ್ತಿದ್ದರು. "ನೀರ ಕೊಡಲಾರ್ದ ಬೆಳಸೂದಂದ್ರ ನನ್ನ ಕೈ ಕಡೀತಾವ ನೋಡು."

ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. ಅವಳು ಒಂದು ದಿನ ಗಿಡ ತೋರಿಸಿ, "ಆಜೀ, ಹೀ ಗಾಢವಾಚೀ ಶೇಪಟೀ ಆಹೇ," ಅಂದಳು.

"ಕತ್ತಿ ಬಾಲ? ಇಷ್ಟ ಚಂದ ಗಿಡಕ್ಕ?" ಮಾವಶಿಗೆ ಸಿಟ್ಟೇ ಬಂತು. "ಹೆಣ್ಣಮಕ್ಕಳ ಜಡಿ ಇದ್ದಂಗ ಐತಿ. ನಾ ಜಡಿಗಿಡ ಅಂತೀನಿ."

ಅಂದಿನಿಂದ ನಮ್ಮ ಮನೆಯಲ್ಲೂ ಅದು ಜಡೆಗಿಡವೇ.

ಕೆಲವು ದಿನಗಳ ಮೇಲೆ ಅವರ ಗಂಡ ಕಾಕಾ ಅವರನ್ನು ಆಸ್ಪತ್ರೆಯಿಂದ ಕೋಣೆಗೆ ಕರೆತಂದರು. ವಾಕರ್ ಹಿಡಿದು ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಕಾಕಾ ಮಂಚ ಬಿಟ್ಟು ಇಳಿಯಲೊಲ್ಲರು. ಕಾಲೂರಿದರೆ ಎಲುಬು ಮತ್ತೆ ಮುರಿಯುತ್ತದೆಂಬ ಹೆದರಿಕೆ. ಮಾವಶಿ ರಮಿಸಿದರು, ಗದರಿದರು, ಒಮ್ಮೆ ಅಡುಗೆಮನೆಗೆ ಬಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಕಾಕಾ ಗೋಡೆ ನೋಡುತ್ತ ಕೂತೇ ಇದ್ದರು.

ಒಂದು ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಪಡಸಾಲೆಯಿಂದ ಕೂಗು ಕೇಳಿತು. "ಬೇರ ಬಿಟ್ಟೈತಿ! ಯವ್ವಾ, ಬಾ ಇಲ್ಲೆ, ಬೇರ ಬಿಟ್ಟೈತಿ!"

ಹಿಟ್ಟಿನ ಕೈಯಲ್ಲೇ ಓಡಿದೆ. ಎಲೆಯ ತುದಿಯಿಂದ ಕೂದಲೆಳೆಯಂಥ ನಸುಗೆಂಪು ಬೇರುಗಳು ಮಣ್ಣಿನ ಕಡೆ ಬಾಗಿದ್ದವು. ಒಂದು ಎಲೆಗಂತೂ ಸಾಸಿವೆಯಷ್ಟು ಚಿಗುರೂ ಬಂದಿತ್ತು. ಮಾವಶಿ ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದರು.

ಒಳಗಿನಿಂದ ಕಾಕಾ ಕೇಳಿದರು, "ಏನಾತು? ತಾ ಇಲ್ಲೆ, ನಾನೂ ನೋಡ್ತೀನಿ."

ಮಾವಶಿ ಡಬ್ಬಿಗೆ ಕೈ ಹಾಕಿದವರು ತಡೆದರು. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. "ಡಬ್ಬಿ ಅಳ್ಳಾಡಿಸಿದ್ರ ಬೇರ ಹರೀತಾವ್ರಿ. ನೋಡೂದಿದ್ರ ನೀವ ಬರ್ರಿ."

ನಾವಿಬ್ಬರೂ ಬಾಗಿಲ ಕಡೆ ಕಿವಿಗೊಟ್ಟು ನಿಂತೆವು. ಆಮೇಲೆ ಟಕ್ ಎಂದು ವಾಕರ್ ನೆಲಕ್ಕೆ ಊರಿದ ಸದ್ದು. ಮತ್ತೊಂದು. ಹೊಸ್ತಿಲಿಗೆ ಬಂದ ಕಾಕಾ ಬೆವರಿದ್ದರು. ನಿಂತಲ್ಲಿಂದಲೇ ಬಾಗಿ ಡಬ್ಬಿಯೊಳಗೆ ಇಣುಕಿದರು.

"ಇಷ್ಟ ಏನ? ಇದಕ್ಕ ಅಷ್ಟ ಒದರಿದೇನು?"

ನಗು ತಡೆಯಲಾಗಲಿಲ್ಲ. ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದ ಕಾಕಾ, ಹಿಂದಿರುಗಿ ಮಂಚದ ಕಡೆ ನೋಡಿದರು. ತಾವು ಎಲ್ಲಿಗೆ ಬಂದು ನಿಂತಿದ್ದೇವೆ ಎಂಬುದು ಆಗ ತಿಳಿಯಿತು. ಅವರೂ ನಕ್ಕರು. ಆವತ್ತಿನ ನಾಷ್ಟಾ ಮೂವರೂ ಪಡಸಾಲೆಯಲ್ಲೇ ಕೂತು ಮಾಡಿದೆವು.

ಊರಿಗೆ ಹೊರಟಾಗ ಮಾವಶಿ ಯಾವ ಗಂಟನ್ನೂ ಲೆಕ್ಕಿಸದೆ ಆ ಡಬ್ಬಿಯೊಂದನ್ನೇ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತರು. ಆಗಾಗ ವಿಡಿಯೊ ಕಾಲ್ ಮಾಡಿ ನನಗಿಂತ ಮೊದಲು ಗಿಡದ ಮುಖ ತೋರಿಸುತ್ತಾರೆ. ನೆರೆಮನೆಗಳಿಗೂ ಹಂಚಿದ್ದಾರಂತೆ.

ಈ ದೀಪಾವಳಿಗೆ ಅವರು ಕರೆದರೆಂದು ನಾವೆಲ್ಲ ರಾಯಬಾಗಕ್ಕೆ ಹೋದೆವು. ಸ್ಟೇಷನ್ನಿಗೆ ಇಬ್ಬರೂ ಬಂದಿದ್ದರು. ಬೇಡವೆಂದರೂ ಕೇಳದೆ ಕಾಕಾ ನನ್ನ ಕೈಯಿಂದ ಚೀಲ ಕಸಿದುಕೊಂಡು, ಇನ್ನೊಂದು ಕೈಯಲ್ಲಿ ಕೋಲು ಬೀಸುತ್ತ ರಿಕ್ಷಾದ ಕಡೆ ದಾಪುಗಾಲು ಹಾಕಿದರು.

"ಸಾವಕಾಶ ನಡೀರಿ!" ಎಂದು ಮಾವಶಿ ಹಿಂದಿನಿಂದ ಬೈಯುತ್ತಿದ್ದರು. ಕಾಕಾ ಕೇಳಿಸಿಕೊಳ್ಳುವ ಹಾಗೆ ಕಾಣಲಿಲ್ಲ.